ಹಸಿರು ಚುಕ್ಕಿಯೊಳಗಿನ ಅಪ್ಪ

ನಗುವವರು ಮುಂದೆ ಕೂರಿ, ಹೆದರುವವರು ಅವರ ಬೆನ್ನಿಗೆ ಆತು ಕೂರಿ. ಈ ಕತೆಯಲ್ಲಿ ಇಬ್ಬರಿಗೂ ಪಾಲುಂಟು.

ಹೊಳೆ ಸಮುದ್ರಕ್ಕೆ ಬೀಳುವ ಅಳಿವೆಯ ದಡದಲ್ಲಿ ಮಾಸ್ತಮ್ಮ ಅಂತ ಒಬ್ಬಳಿದ್ದಳು. ಗಂಡ ದುರ್ಗಪ್ಪ, ಮೀನಿನ ಬೋಟು ನಡೆಸುವ ತಾಂಡೇಲ. ಮಗ ಒಬ್ಬನೇ, ಜಟ್ಟ. ಆಳು ಬಾಗಿಲ ಪಟ್ಟಿಗೆ ತಲೆ ತಾಗುವಷ್ಟು ಎತ್ತರ. ಬುದ್ಧಿ ಮಾತ್ರ ಇನ್ನೂ ಹೊಸ್ತಿಲು ದಾಟಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಮಾಡುವವ. ಹೇಳದ್ದನ್ನು ಊರು ಮುಳುಗಿದರೂ ಮಾಡದವ. "ಒಣಮೀನಿಗೆ ಕಾಗೆ ಬರ್ದ ಹಾಗೆ ನೋಡ್ಕೋ" ಅಂದರೆ ದಿನವಿಡೀ ಕಾಗೆ ಓಡಿಸುವನು. ಪಕ್ಕದಲ್ಲೇ ಬೆಕ್ಕು ತಿನ್ನುತ್ತಿದ್ದರೆ ಅದಕ್ಕೆ ಸ್ವಲ್ಪ ಸರಿದು ಜಾಗ ಕೊಡುವನು.

"ಇಂಥವನ್ನ ಹೆತ್ತೆನಲ್ಲ ದೇವ್ರೇ!" ಅಂತ ಮಾಸ್ತಮ್ಮ ಹಣೆ ಚಚ್ಚಿಕೊಳ್ಳುವಳು. ಚಚ್ಚಿಕೊಂಡು ಮುಗಿದ ಮೇಲೆ ಮೀನಿನ ನಡುತುಂಡನ್ನು ಅವನ ತಟ್ಟೆಗೇ ಹಾಕುವಳು.

ಬೆಳಿಗ್ಗೆ ಬುಟ್ಟಿ ಹೊತ್ತು ಮೀನು ಮಾರಲು ಹೊರಟಳೆಂದರೆ ಅಂಗಳದಲ್ಲಿ ನಿಂತು ಒಂದು ಪಾಠ ಹೇಳಿಯೇ ಹೋಗಬೇಕು. "ಜಟ್ಟ, ಒಲೆ ಮುಟ್ಟಬೇಡ. ಜಟ್ಟ, ನಾಯಿಗೆ ಕಲ್ಲು ಹೊಡಿಬೇಡ. ಜಟ್ಟ, ನಾ ಹೇಳೂ ತನಕ ಹಿತ್ತಿಲ ದೋಣಿಯ ಹಗ್ಗ ಬಿಚ್ಚಬೇಡ." ಅವನು ಅಂಬೆಗಾಲಿಟ್ಟ ದಿನದಿಂದ ಇದೇ ಪಾಠ.

"ಹೌದು ಆಯಿ. ಹಾಗೇ ಮಾಡ್ತೆ" ಅನ್ನುವನು ಜಟ್ಟ.

ಒಂದು ಬೆಳಿಗ್ಗೆ ತೂಫಾನಿನ ಸುದ್ದಿ ಬಂತು. ಊರಿನ ಬೋಟುಗಳೆಲ್ಲ ಸಮುದ್ರದಲ್ಲಿ! ದುರ್ಗಪ್ಪನ ಬೋಟು ಎಲ್ಲಕ್ಕಿಂತ ಆಚೆ! ಮೀನುಗಾರರ ಸೊಸೈಟಿಯ ಸೆಕ್ರೆಟರಿ ಗಜಣ್ಣ ತಲೆಗೆ ಟವೆಲು ಸುತ್ತಿಕೊಂಡು ಬೋಟು ಕಟ್ಟುವ ಧಕ್ಕೆಗೂ ಆಫೀಸಿಗೂ ಓಡಾಡಿದ. ಆಫೀಸಿನಲ್ಲಿ ಒಂದು ಕಂಪ್ಯೂಟರು. ಅದರ ಪರದೆಯ ಮೇಲೆ ಸಮುದ್ರದ ನಕ್ಷೆ, ನಕ್ಷೆಯ ಮೇಲೆ ಒಂದೊಂದು ಬೋಟಿಗೆ ಒಂದೊಂದು ಹಸಿರು ಚುಕ್ಕಿ. ಅದನ್ನು ನೋಡುತ್ತ ಕೂರುವ ಗುಮಾಸ್ತ ಮದುವೆಗೆ ಹೋಗಿದ್ದ. ಧಕ್ಕೆಯಲ್ಲಿ ಕೈಗಳೇ ಸಾಲವು. ಕೂರು ಅಂದರೆ ಕೂರುವವ ಯಾರು? ಜಟ್ಟ!

"ನೋಡು ಜಟ್ಟ, ಚುಕ್ಕಿ ಅಳಿವೆ ಒಳಗೆ ಬಂದ ಕೂಡ್ಲೆ ಈ ಗಂಟೆ ಬಾರ್ಸು. ಗಂಟೆ ಕೇಳಿದ್ರೆ ನಾವು ಹಗ್ಗ ಎಸಿಲಿಕ್ಕೆ ತಯಾರಾಗ್ತೇವೆ. ತಿಳೀತಾ?"

"ತಿಳೀತು. ಅಪ್ಪ ಯಾವ್ದು?"

ಗಜಣ್ಣ ಪರದೆಯ ಅಂಚಿಗಿದ್ದ ಚುಕ್ಕಿಗೆ ಬೆರಳಿಟ್ಟ.

"ಅಯ್ಯೋ! ಅಪ್ಪ ಇಷ್ಟು ಸಣ್ಣ ಆಗ್ಬಿಟ್ನಾ?"

ಹಿಂದೆ ನಿಂತಿದ್ದ ಮಾಸ್ತಮ್ಮನಿಗೆ ನಗು ಬರಲಿಲ್ಲ. ಅವಳಿಗೂ ಹಾಗೇ ಕಂಡಿತ್ತು. ಅಷ್ಟು ದೊಡ್ಡ ನೀರು, ಇಷ್ಟೇ ಇಷ್ಟು ಚುಕ್ಕಿ. ಬೆರಳ ತುದಿಯಿಂದ ಒರೆಸಿದರೆ ಹೋಗಿಬಿಡುವಷ್ಟು. ಅವಳು ಸೆರಗು ಬಿಗಿದು, ಮೀನು ಆರಿಸುವ ಕೆಲಸಕ್ಕೆ ಧಕ್ಕೆಗೆ ನಡೆದಳು. ಮನಸ್ಸು ಮಾತ್ರ ಪರದೆಯ ಅಂಚಿನಲ್ಲೇ ಉಳಿಯಿತು.

ಸ್ವಲ್ಪ ಹೊತ್ತಿಗೆ ಬೀದಿಯಲ್ಲಿ ಕೂಗು.

"ಆಯೀ! ಆಯೀ! ಅಪ್ಪ ಹೋಗ್ಬಿಟ್ಟ!"

ಮಾಸ್ತಮ್ಮನ ಕೈಯ ಬುಟ್ಟಿ ಬಿತ್ತು. ಯಾರೋ ಹಿಡಿದುಕೊಂಡರು, ಯಾರೋ ನೀರು ಚಿಮುಕಿಸಿದರು. ಗಜಣ್ಣ ಆಫೀಸಿಗೆ ಓಡಿ ನೋಡಿದರೆ ಪರದೆ ಬೆಳ್ಳಗೆ. ನೆಟ್ ಇಲ್ಲ ಅಂತ ಬರೆದಿದೆ, ಅಷ್ಟೇ.

"ಥೂ ಪೆದ್ದೇ! ಹೋದದ್ದು ಅಪ್ಪ ಅಲ್ಲ, ನೆಟ್ಟು! ನಿನ್ನ ಬಾಯಿಗೆ ಬೀಗ ಹಾಕ!" ಗಜಣ್ಣ ಒಳಕೋಣೆಗೆ ಹೋದ. ಬಲೆ ತುಂಬಿಡುವ ಆ ಕೋಣೆಯಲ್ಲೇ ನೆಟ್ ಕೊಡುವ ವೈಫೈ ಪೆಟ್ಟಿಗೆ ಇತ್ತು. ಮುಟ್ಟಿ ಕೈ ಹಿಂದೆಳೆದುಕೊಂಡ. "ಕಾದು ಕೆಂಡ ಆಗಿದೆ. ಹೀಗಾದ್ರೆ ಕೂಗೂದಲ್ಲ ಮಾರಾಯ. ಪೆಟ್ಟಿಗೆ ಆರ್ಸು, ತಣ್ಣಗೆ ಮಾಡು, ಮತ್ತೆ ಹಾಕು!"

"ಹೌದು ಗಜಣ್ಣ. ಹಾಗೇ ಮಾಡ್ತೆ."

ಆರಿಸಿ ಹಾಕಿದ ಮೇಲೆ ಚುಕ್ಕಿಗಳು ಬಂದವು. ದುರ್ಗಪ್ಪನ ಚುಕ್ಕಿ ಒಂದು ಬೆರಳಿನಷ್ಟು ಒಳಗೆ ಬಂದಿತ್ತು. ಮಾಸ್ತಮ್ಮ ಅದನ್ನು ಕಣ್ಣಾರೆ ನೋಡಿ, ನೋಡಿದ್ದನ್ನು ಸೆರಗಿನ ಗಂಟಿಗೆ ಕಟ್ಟಿಕೊಂಡ ಹಾಗೆ ಮುಷ್ಟಿ ಮುಚ್ಚಿಕೊಂಡು ಹೋದಳು.

ಮತ್ತೆ ನೆಟ್ ಹೋಯಿತು. ಈ ಸಲ ಕೂಗಿಲ್ಲ, ಓಡಿಲ್ಲ. ಸದ್ದೇ ಇಲ್ಲ ನೋಡಿ! ಆ ಸದ್ದಿಲ್ಲದ್ದೇ ಮಾಸ್ತಮ್ಮನಿಗೆ ದಿಗಿಲು. ಆಫೀಸಿಗೆ ಬಂದರೆ ಜಟ್ಟ ಬೆಳ್ಳಗಿನ ಪರದೆಯ ಮುಂದೆ ಕೈಕಟ್ಟಿ ಕೂತಿದ್ದಾನೆ. ಒಳಕೋಣೆಯಲ್ಲಿ ಪೆಟ್ಟಿಗೆಯಿಲ್ಲ.

"ಪೆಟ್ಟಿಗೆ ಎಲ್ಲೋ?"

"ತಣ್ಣಗಾಗ್ತಾ ಅದೆ ಆಯಿ."

ಎಲ್ಲಿ? ಹೊರಗೆ, ಮೀನಿನ ಐಸ್ ಪೆಟ್ಟಿಗೆಯಲ್ಲಿ! ಬಂಗಡೆಯ ಸಾಲಿನ ನಡುವೆ, ಬಂಗಡೆಯ ಹಾಗೇ ಮಲಗಿಸಿ, ಮೇಲೆ ಐಸು ಸುರಿದು, ಗೋಣಿ ಮುಚ್ಚಿದ್ದ! ಗಜಣ್ಣ ಬಂದು ಅದನ್ನು ಬಾಲ ಹಿಡಿದು ಎಳೆದ. ಪುಣ್ಯಕ್ಕೆ ಐಸು ಇನ್ನೂ ನೀರಾಗಿರಲಿಲ್ಲ. ಲುಂಗಿಯಲ್ಲಿ ಒರೆಸಿದ, ಊದಿದ, ದೇವರಿಗೆ ಹೇಳಿಕೊಂಡ.

"ಇದು ಬಂಗಡೆಯನಾ? ಐಸಿಗೆ ಹಾಕ್ತಾರನಾ ಇದನ್ನ? ಎತ್ತರದಲ್ಲಿ, ಗಾಳಿ ಆಡೂ ಕಡೆ ಇಡಬೇಕು! ಎತ್ತರದಲ್ಲಿ! ತಿಳೀತಾ?"

"ಹೌದು ಗಜಣ್ಣ. ಹಾಗೇ ಮಾಡ್ತೆ."

ಮೂರನೆಯ ಸಲ ನೆಟ್ ಹೋದಾಗ ಊರಿನ ಅರ್ಧ ಹೆಂಗಸರು ಆಫೀಸಿನ ಬಾಗಿಲಲ್ಲಿದ್ದರು. ಎಲ್ಲರ ಗಂಡಂದಿರೂ ಚುಕ್ಕಿಯಾಗಿದ್ದರು ಪಾಪ. ಪರದೆ ಬೆಳ್ಳಗಾದ ಕೂಡಲೇ "ಅಯ್ಯಯ್ಯೋ" ಅಂದರು. ಜಟ್ಟ ಎದ್ದ. ವಯರು ಕಿತ್ತ. ಪೆಟ್ಟಿಗೆ ಬಾಯಲ್ಲಿ ಕಚ್ಚಿದ. ಎದುರಿನ ತೆಂಗಿನ ಮರ ಹತ್ತಿ ಸುಳಿಯಲ್ಲಿ ಸಿಕ್ಕಿಸಿ, ಅಲ್ಲೇ ಹೆಡೆಮಟ್ಟೆ ತಬ್ಬಿ ಕೂತ. ಗಾಳಿ ಎದ್ದಿತ್ತು. ಮರ ಈ ಕಡೆ ಬಾಗಿತು, ಆ ಕಡೆ ಬಾಗಿತು. ಅದರೊಡನೆ ಮಾಸ್ತಮ್ಮನ ಜೀವವೂ ಆ ಕಡೆ ಈ ಕಡೆ.

"ಇಳಿಯೋ! ಕೈ ಮುಗಿತೆ, ಇಳಿಯೋ!"

"ಎತ್ತರದಲ್ಲಿ ಗಾಳಿ ಚಲೋ ಆಡ್ತಾ ಅದೆ ಆಯಿ! ಈಗ ಬರ್ತದೆ ನೆಟ್ಟು!"

ಬಂದದ್ದು ನೆಟ್ಟಲ್ಲ, ಮಳೆ. ದಪ್ಪ ಹನಿ ಪಟಪಟ ಬಿದ್ದಾಗ ಗಜಣ್ಣ ಧಕ್ಕೆಯಿಂದ ಓಡಿ ಬಂದು ಅವನನ್ನು ಇಳಿಸಿದ. ಇಳಿಸಿ, ಬೆನ್ನಿಗೊಂದು ಕೊಟ್ಟ.

"ವಯರು ಕಿತ್ರೆ ಪೆಟ್ಟಿಗೆಗೆ ಜೀವ ಎಲ್ಲಿಂದ? ಇನ್ನು ವಯರು ಕೀಳಬೇಡ! ಮಳೆ ಬಂದ್ರೆ ಹನಿ ತಾಗ್ದ ಹಾಗೆ ಮುಚ್ಚಬೇಕು! ಮುಚ್ಚಬೇಕು!"

"ಹೌದು ಗಜಣ್ಣ. ಹಾಗೇ ಮಾಡ್ತೆ."

ನೆಟ್ ಬಂತು. ಒಂದು ಚುಕ್ಕಿ ಅಳಿವೆಯ ಒಳಗೆ! ಜಟ್ಟ ಗಂಟೆ ಬಾರಿಸಿದ. ಧಕ್ಕೆಯಲ್ಲಿ ಹಗ್ಗ ಎಸೆದರು, ಬೋಟು ಎಳೆದರು. ಒಬ್ಬಳು ಗಂಡನನ್ನು ಬೈಯುತ್ತ ಮನೆಗೆ ಕರೆದೊಯ್ದಳು. ಇನ್ನೊಂದು ಚುಕ್ಕಿ, ಇನ್ನೊಂದು ಗಂಟೆ. ಮಾಸ್ತಮ್ಮನ ಚುಕ್ಕಿ ಇನ್ನೂ ದೂರ. ಬರುತ್ತಿತ್ತು, ಆದರೆ ಕುಂಟುತ್ತ ಬರುತ್ತಿತ್ತು.

ಅಷ್ಟರಲ್ಲಿ ಹಂಚಿನ ಮೇಲೆ ಮಳೆ ಜೋರಾಯಿತು. ಮಳೆ ಬಂದರೆ ಏನು ಮಾಡಬೇಕು? ಮುಚ್ಚಬೇಕು! ಜಟ್ಟ ಮನೆಗೆ ಓಡಿದ. ಬಚ್ಚಲ ಒಲೆಯ ಮೇಲಿನ ತಾಮ್ರದ ಹಂಡೆ ಕಿತ್ತು ತಂದ. ಒಳಕೋಣೆಯಲ್ಲಿ, ಸೂರಿನ ಕೆಳಗೆ, ಬೆಚ್ಚಗೆ ಒಣಗಿದ್ದ ಪೆಟ್ಟಿಗೆಯ ಮೇಲೆ ಹಂಡೆ ಬೋರಲು ಹಾಕಿದ. ಢಣ್! ಪರದೆ ಬೆಳ್ಳಗೆ!

ಗಂಡನ ಚುಕ್ಕಿ ಅಳಿವೆಯ ಬಾಯಿಗೆ ಬಂದಿದ್ದ ಹೆಂಗಸೊಬ್ಬಳು ಎದೆ ಬಡಿದುಕೊಂಡಳು. ಗಂಟೆ ಕೇಳಲಿಲ್ಲ, ಧಕ್ಕೆಯಲ್ಲಿ ಹಗ್ಗ ತಯಾರಿರಲಿಲ್ಲ. ಅವಳ ಗಂಡನ ಬೋಟು ಕಲ್ಲಿಗೆ ಮೈಯುಜ್ಜಿಕೊಂಡೇ ಒಳಗೆ ಬಂತು. ಜೀವಕ್ಕೆ ಏನಾಗಲಿಲ್ಲ. ಆದರೆ ಅದನ್ನು ನೋಡಿದ ಮೇಲೆ ಮಾಸ್ತಮ್ಮನಿಗೆ ಮಗನನ್ನು ಬೈಯಲೂ ಬಾಯಿ ಬರಲಿಲ್ಲ. ಈ ಪೆದ್ದನ ಕೈಯಲ್ಲಿ ತನ್ನ ಗಂಡನ ಉಸಿರಿದೆ, ಹೆತ್ತವಳು ತಾನೇ! ಯಾರನ್ನು ದೂರಬೇಕು?

ಬೈಯುವ ಕೆಲಸ ಗಜಣ್ಣ ಮಾಡಿದ. "ತಾಮ್ರ ದಾಟಿ ನೆಟ್ ಬರ್ತದನಾ? ಹೊರಗೆ ಮಳೆ ಬಂದ್ರೆ ಒಳಗಿದ್ದದ್ದಕ್ಕೆ ಹಂಡೆ ಯಾಕೆ? ಪೆಟ್ಟಿಗೆಗೂ ಕಂಪ್ಯೂಟರಿಗೂ ನಡುವೆ ಎಂತದೂ ಅಡ್ಡ ಇರಬಾರ್ದು! ಅಡ್ಡ ಇದ್ದದ್ದನ್ನ ತೆಗಿಬೇಕು!"

"ಹೌದು ಗಜಣ್ಣ. ಹಾಗೇ ಮಾಡ್ತೆ."

ಮಾಡಿದ! ಅಡ್ಡ ಏನಿದೆ ಅಂತ ನೋಡಿದ. ಹೆಂಗಸರಿದ್ದರು. "ಅಡ್ಡ! ಅಡ್ಡ!" ಅಂತ ಒಬ್ಬೊಬ್ಬರನ್ನೇ ಮಳೆಗೆ ತಳ್ಳಿದ. ಕಪಾಟಿತ್ತು, ಅದನ್ನೂ ತಳ್ಳಿದ. ಆಯಿ ಉಳಿದಳು.

"ಆಯಿ, ನೀನೂ ಅಡ್ಡ."

"ನಾ ಎಲ್ಲಿಗೆ ಹೋಗ್ಲೋ? ನಿನ್ನ ಅಪ್ಪನ್ನ ನೋಡ್ಲಿಕ್ಕೆ ನಿಂತದ್ದು ಮಗಾ!"

"ಅಪ್ಪ ಕಾಣ್ಬೇಕಾದ್ರೆ ನೀ ಹೋಗ್ಬೇಕು." ಅವಳನ್ನು ಎರಡೂ ಕೈಯಲ್ಲಿ ಎತ್ತಿ, ಮೆಲ್ಲಗೆ, ಮೊಟ್ಟೆ ಇಡುವ ಹಾಗೆ ಹೊರಗಿಟ್ಟು ಬಾಗಿಲು ಹಾಕಿಕೊಂಡ. ಆಮೇಲೆ ನೋಡಿದರೆ ಇನ್ನೂ ಒಂದು ಅಡ್ಡ ಉಂಟು. ಗೋಡೆ! ಹಾರೆ ಎತ್ತಿದ. ಧಡ್! ಧಡ್! ಹೊರಗೆ ಆಕಾಶ ಗುಡುಗುತ್ತಿತ್ತು, ಒಳಗೆ ಗೋಡೆ. ಯಾವುದಕ್ಕೆ ಹೆದರುವುದು ಅಂತ ತಿಳಿಯದೆ ಮಾಸ್ತಮ್ಮ ಬಾಗಿಲು ಬಡಿದಳು. ಗಜಣ್ಣ ಬಂದು ಬಾಗಿಲು ಒದ್ದು ತೆಗೆಯುವಾಗ ಗೋಡೆಯಲ್ಲಿ ನಾಯಿ ನುಗ್ಗುವಷ್ಟು ತೂತಾಗಿತ್ತು.

"ಅಯ್ಯೋ ಸೊಸೈಟಿ ಗೋಡೆ! ಗೋಡೆ ಒಡಿತಾರನಾ? ದೂರಕ್ಕೆ ಸಿಗ್ದೆ ಇದ್ರೆ ಕಂಪ್ಯೂಟರನ್ನೇ ಹತ್ತಿರ ಒಯ್ಯಬೇಕು ಮಾರಾಯ! ಸಿಗ್ದೆ ಇದ್ರೆ ಹತ್ತಿರ ಹೋಗ್ಬೇಕು! ಅಷ್ಟೇ!"

"ಹೌದು ಗಜಣ್ಣ. ಹಾಗೇ ಮಾಡ್ತೆ."

ಗಜಣ್ಣನೇ ಕಂಪ್ಯೂಟರನ್ನು ಒಳಕೋಣೆಗೆ ಹೊತ್ತು ಪೆಟ್ಟಿಗೆಯ ಪಕ್ಕಕ್ಕಿಟ್ಟ. ಕರೆಂಟು ಹೋದರೂ ಒಂದಷ್ಟು ಹೊತ್ತು ಅದನ್ನೆಲ್ಲ ಉಳಿಸುವ ಯುಪಿಎಸ್ ಅನ್ನೂ ತಂದಿಟ್ಟ. ಅಲ್ಲಿಂದ ನೆಟ್ ಕದಲಲಿಲ್ಲ. ಚುಕ್ಕಿ ಬಂತು, ಗಂಟೆ ಹೊಡೆಯಿತು. ಚುಕ್ಕಿ ಬಂತು, ಗಂಟೆ ಹೊಡೆಯಿತು. ಹೆಂಗಸರು ಒಬ್ಬೊಬ್ಬರೇ ಮನೆಗೆ ಹೋದರು. ಸಂಜೆಯ ಮಬ್ಬಿಗೆ ಪರದೆಯಲ್ಲಿ ಒಂದೇ ಚುಕ್ಕಿ, ಕೋಣೆಯಲ್ಲಿ ಒಬ್ಬಳೇ ಹೆಂಗಸು.

ಆ ಚುಕ್ಕಿ ಅಳಿವೆಯ ಹೊರಗೆ ಒಂದು ಸುತ್ತು ತಿರುಗಿತು. ನಿಂತಿತು. ಆರಿತು.

ನೆಟ್ ಇತ್ತು. ಪೆಟ್ಟಿಗೆಯ ದೀಪ ಹಸಿರಾಗಿ ಉರಿಯುತ್ತಿತ್ತು. ಸಮುದ್ರದ ನಕ್ಷೆ ನೀಲಿಯಾಗಿ ಹಾಗೇ ಇತ್ತು. ಚುಕ್ಕಿ ಮಾತ್ರ ಇರಲಿಲ್ಲ. ಈ ಸಲ ದೂರಲು ಐಸಿಲ್ಲ, ಹಂಡೆಯಿಲ್ಲ, ಗೋಡೆಯಿಲ್ಲ. ಮಾಸ್ತಮ್ಮ ಗಜಣ್ಣನ ಮುಖ ನೋಡಿದಳು. ಗಜಣ್ಣ ಮುಖ ತಿರುಗಿಸಿದ.

"ಬೋಟಿನ ಬ್ಯಾಟರಿ ಹೋಗಿರ್ಬಹುದು ಮಾಸ್ತಕ್ಕ" ಅಂದ. ಬೇರೆ ಏನೋ ಹೇಳಲು ಹೊರಟು ನುಂಗಿಕೊಂಡ. ಆ ನುಂಗಿದ ಮಾತೇ ಅವಳಿಗೆ ಕೇಳಿಸಿದ್ದು.

"ಅಪ್ಪ ಎಂತಕೆ ಸಿಗೂದಿಲ್ಲ ಗಜಣ್ಣ?" ಜಟ್ಟ ಕೇಳಿದ.

"ದೂರ ಇದ್ದಾನೆ ಕಣೋ, ಅದಕ್ಕೇ" ಅಂದ ಗಜಣ್ಣ, ಬ್ಯಾಟರಿ ಲೈಟು ಹಿಡಿದು ಧಕ್ಕೆಗೆ ಓಡಿದ. ಮಾಸ್ತಮ್ಮ ಅವನ ಹಿಂದೆ. ಜಟ್ಟ ಒಬ್ಬನೇ ಉಳಿದ. ಕೆಟ್ಟ ಮಾತು, ಕೆಟ್ಟ ಹೊತ್ತು!

ಧಕ್ಕೆಯಲ್ಲಿ ನಿಂತು ಅವಳು ಕೂಗಿದಳು. ಗಾಳಿ ಕೂಗನ್ನು ಬಾಯಿಗೇ ತಿರುಗಿಸಿ ತುಂಬಿತು. ದೇವರಿಗೆ ಕೋಳಿ ಹರಕೆ ಹೇಳಿಕೊಂಡಳು, ಎರಡು ಹೇಳಿಕೊಂಡಳು, ಇದ್ದ ಮೂಗುತಿಯನ್ನೂ ಹೇಳಿಕೊಂಡಳು. ಊರಿನ ಕರೆಂಟು ಹೋಯಿತು. ಕತ್ತಲಲ್ಲಿ ಚುಕ್ಕಿ ಮತ್ತೆ ಬಂದಿರಬಹುದೇನೋ ಅನ್ನಿಸಿ ಎದ್ದೆನೋ ಬಿದ್ದೆನೋ ಅಂತ ಆಫೀಸಿಗೆ ಬಂದಳು.

ಕಂಪ್ಯೂಟರಿಲ್ಲ. ವೈಫೈ ಪೆಟ್ಟಿಗೆಯಿಲ್ಲ. ಯುಪಿಎಸ್ಸೂ ಇಲ್ಲ. ಜಟ್ಟನೂ ಇಲ್ಲ.

ಗೋಡೆಯಿಂದ ಬಂದ ವಯರು, ಕೇಬಲ್ಲು ಎಲ್ಲ ತುಂಡಾಗಿ ನೇತಾಡುತ್ತಿತ್ತು. ಪಕ್ಕದಲ್ಲಿ ಅವಳದೇ ಮೀನು ಕೊಯ್ಯುವ ಕತ್ತಿ. ವಯರು ಕೀಳಬೇಡ ಅಂದಿದ್ದರಲ್ಲ, ಕೊಯ್ಯಬೇಡ ಅಂತ ಯಾರು ಹೇಳಿದ್ದರು? ಹೊರಗೆ ಒದ್ದೆ ಹೊಯಿಗೆಯ ಮೇಲೆ ದೊಡ್ಡ ದೊಡ್ಡ ಹೆಜ್ಜೆ. ಮನೆಯ ಹಿತ್ತಿಲಿಗೆ ಹೋದ ಹೆಜ್ಜೆ, ನೀರಿಗೆ ಇಳಿದ ಹೆಜ್ಜೆ. ದಡದಲ್ಲಿ ದೋಣಿಯಿಲ್ಲ.

ಸಿಗದೆ ಇದ್ದರೆ ಹತ್ತಿರ ಹೋಗಬೇಕು. ಅಷ್ಟೇ.

ಇಳಿತದ ಹೊತ್ತು. ಹೊಳೆಯ ನೀರೆಲ್ಲ ಸಮುದ್ರಕ್ಕೆ ಎಳೆಯುವ ಹೊತ್ತು. ಆ ಸಣ್ಣ ಪಾತಿ ದೋಣಿ ಎಷ್ಟರದ್ದು! ಗಂಡ ಹೋದನೋ ಇದ್ದಾನೋ ಅಂತ ಬೆಳಗಿನಿಂದ ಬೆಂದವಳಿಗೆ ಮಗನ ನೆನಪೇ ಬರಲಿಲ್ಲವಲ್ಲ! ಮಾಸ್ತಮ್ಮ ಮನೆಯ ಅಂಗಳಕ್ಕೆ ತಿರುಗಿ ಬಂದು ತಲೆ ಹೊತ್ತು ಕೂತು ಅತ್ತಳು.

"ಹೋಯ್! ಹೋಯ್, ಎಂತಾಯ್ತೇ?"

ತಲೆ ಎತ್ತಿದರೆ ದುರ್ಗಪ್ಪ! ತಲೆಗೆ ಪ್ಲಾಸ್ಟಿಕ್ಕು ಕಟ್ಟಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು, ಸಮುದ್ರದ ಕಡೆಯಿಂದಲ್ಲ, ರಸ್ತೆಯ ಕಡೆಯಿಂದ ಬರುತ್ತಿದ್ದ.

"ಬೋಟಿನ ಬ್ಯಾಟರಿ ಸತ್ತುಹೋಯ್ತು. ಅಳಿವೆ ಕಾಣ್ಲಿಲ್ಲ. ಗುಡ್ಡದ ಆಚೆ ಕೊಲ್ಲಿಯಲ್ಲಿ ಲಂಗರು ಹಾಕಿ ಟೆಂಪೋ ಹಿಡ್ಕಂಡು ಬಂದ್ವಿ. ಎಲ್ಲ ಚಲೋ ಇದ್ದೇವೆ. ಅಳೂದೆಂತಕೆ?"

ಅವಳು ಗಂಡನ ಒದ್ದೆ ಅಂಗಿ ಹಿಡಿದುಕೊಂಡಳು. ಬೆಳಗಿನಿಂದ ಕೇಳಿಕೊಂಡದ್ದು ಎದುರಿಗೇ ನಿಂತಿತ್ತು, ನೋಡಲು ಮಾತ್ರ ಕಣ್ಣಿರಲಿಲ್ಲ. "ನೀವು ಬಂದ್ರಿ. ಜಟ್ಟ ಹೋದ. ನಿಮ್ಮನ್ನ ಹುಡುಕ್ಲಿಕ್ಕೆ ಸಮುದ್ರಕ್ಕೆ ಹೋದ!"

ದುರ್ಗಪ್ಪನ ಕೈಯಿಂದ ಚಪ್ಪಲಿ ಬಿತ್ತು. ಇಬ್ಬರೂ ಹಿತ್ತಿಲಿಗೆ ಓಡಿದರು. ನೀರಿನ ಮೇಲೆ ಮಳೆಯ ಬಿಳಿ ತೆರೆ, ಒಂದು ಮಾರು ಆಚೆ ಏನೂ ಕಾಣದು.

"ಜಟ್ಟಾ!"

ಆಮೇಲೆ, ಆ ಬಿಳಿಯೊಳಗಿಂದ, ಎಲ್ಲೋ: ಕೀಂ. ಕೀಂ. ಕೀಂ.

ಮಾಸ್ತಮ್ಮನ ಮೈ ಮುಳ್ಳೆದ್ದಿತು. ಹಕ್ಕಿಯಲ್ಲ, ಮನುಷ್ಯರಲ್ಲ. ಸತ್ತವರು ನೀರಿನಿಂದ ಕರೆಯುತ್ತಾರೆ ಅಂತ ಅಜ್ಜಿ ಹೇಳುತ್ತಿದ್ದದ್ದು ನೆನಪಾಯಿತು. ಕೀಂ. ಕೀಂ. ಆಮೇಲೆ ಇನ್ನೊಂದು ನೆನಪಾಯಿತು. ಕರೆಂಟು ಹೋದಾಗಲೆಲ್ಲ ಆಫೀಸಿನ ಯುಪಿಎಸ್ ಹೀಗೇ ಕೂಗುವುದು!

"ಹತ್ತಿರವೇ ಅದೆ!" ಅಂತ ಮುಂದೆ ನುಗ್ಗಿದವಳ ಹೊಟ್ಟೆಗೆ ಏನೋ ಬಿಗಿಯಾಗಿ ತಡೆಯಿತು. ಮುಟ್ಟಿದಳು. ಹಗ್ಗ. ಒಂದು ತುದಿ ತೆಂಗಿನ ಬೊಡ್ಡೆಗೆ, ಅವಳೇ ಹಾಕಿದ ಗಂಟು ಹಾಗೇ. ಇನ್ನೊಂದು ತುದಿ ನೀರಿನ ಕಡೆಗೆ, ತಂತಿಯ ಹಾಗೆ ಬಿಗಿದು ನಡುಗುತ್ತಿತ್ತು.

ಬಿಚ್ಚಿರಲಿಲ್ಲ. ಅವಳು ಹೇಳಿರಲಿಲ್ಲವಲ್ಲ, ಹೇಗೆ ಬಿಚ್ಚುತ್ತಾನೆ? ಅಂಬೆಗಾಲಿನ ದಿನದಿಂದ ಹೇಳಿದ ಪಾಠ! ಕೋಣನ ಮುಂದೆ ಕಿನ್ನರಿ ಅಂತ ಊರೇ ನಕ್ಕ ಪಾಠ! ಮಾಸ್ತಮ್ಮ ಆ ಗಂಟಿಗೆ ಹಣೆಯೊತ್ತಿ ಗೊಳೋ ಅಂತ ಅತ್ತಳು.

ದುರ್ಗಪ್ಪ ಹಗ್ಗ ಎಳೆದ. ಆ ಕಡೆಯಿಂದ ಜಟ್ಟ ಜೋರಾಗಿ ಹುಟ್ಟು ಹಾಕಿದ. ಅಪ್ಪ ಎಳೆದ, ಮಗ ಹುಟ್ಟು ಹಾಕಿದ. ಕೊನೆಗೆ ಅಪ್ಪನೇ ಗೆದ್ದ. ಮಳೆಯ ತೆರೆ ಸರಿಸಿಕೊಂಡು ದೋಣಿ ಬಂತು.

ನೋಡಬೇಕು ಅದರ ಚಂದ! ಹೇಳಿದ್ದೆಲ್ಲ ಹೇಳಿದ ಹಾಗೆ! ವೈಫೈ ಪೆಟ್ಟಿಗೆ ಬಿದಿರ ಗಳುವಿನ ತುದಿಯಲ್ಲಿ, ಎತ್ತರದಲ್ಲಿ, ಗಾಳಿಯಲ್ಲಿ. ಹನಿ ತಾಗದ ಹಾಗೆ ಮೇಲೆ ತಾಡಪಾಲು, ತಾಮ್ರದ ಹಂಡೆಯಲ್ಲ. ಅದರ ವಯರು ಕಿತ್ತಿಲ್ಲ, ಯುಪಿಎಸ್ಸಿಗೆ ಭದ್ರವಾಗಿ ಸಿಕ್ಕಿಸಿದೆ. ನಡುವೆ ಏನೂ ಅಡ್ಡವಿಲ್ಲ. ತಾಡಪಾಲಿನ ಕೆಳಗೆ ಕಂಪ್ಯೂಟರಿನ ಪರದೆ ಬೆಳ್ಳಗೆ ಹೊಳೆಯುತ್ತಿದೆ. ಅದರ ಮುಂದೆ ಮಂಡಿಯೂರಿದ ಜಟ್ಟ, ಕಣ್ಣು ಕದಲಿಸದೆ, ಬೆವರೋ ಮಳೆಯೋ ತಿಳಿಯದ ಹಾಗೆ ತೊಯ್ದು, ಹುಟ್ಟು ಹಾಕುತ್ತಲೇ ಇದ್ದಾನೆ.

"ಮಗಾ!" ದುರ್ಗಪ್ಪ ನೀರಿಗೆ ಹಾರಿ ದೋಣಿ ಹತ್ತಿದ. ಎರಡೂ ಕೈ ಚಾಚಿ ಮಗನ ಎದುರು ನಿಂತ. ಹಿಂದೆ ಮಾಸ್ತಮ್ಮ ಎದೆಮಟ್ಟ ನೀರಿನಲ್ಲಿ.

ಜಟ್ಟ ತಲೆಯನ್ನು ಈ ಕಡೆ ವಾಲಿಸಿದ, ಆ ಕಡೆ ವಾಲಿಸಿದ. ಅಪ್ಪನ ಹೊಟ್ಟೆಯನ್ನು ಒಂದು ಕೈಯಲ್ಲಿ ಮೆಲ್ಲಗೆ ಬದಿಗೆ ತಳ್ಳಿದ.

"ಅಡ್ಡ ನಿಲ್ಲಬೇಡ ಅಪ್ಪಾ! ನೀ ಬರೂದು ಕಾಣೂದಿಲ್ಲ!"